ಅರ್ಧಚಂದ್ರನ ದಿನದ ನೀರು

ನಮ್ಮೂರಲ್ಲಿ ಮಂಚಗಳಿಗೆ ಉದ್ದ ಕಾಲು. ಹೊರಗಿನಿಂದ ಬಂದವರು ಒಳಗೆ ಕಾಲಿಟ್ಟ ಕೂಡಲೇ ನಗುತ್ತಾರೆ. ಮಂಚ ಹತ್ತಲು ಮೂರು ಮೆಟ್ಟಿಲಿನ ಏಣಿ. ಜೋಳದ ಗಡಿಗೆ, ತಾಳೆಣ್ಣೆಯ ಡಬ್ಬ, ಮಕ್ಕಳ ಚಪ್ಪಲಿ ಎಲ್ಲ ತೊಲೆಯಿಂದ ನೇತಾಡುತ್ತವೆ. ಕೋಳಿಗೂಡನ್ನೂ ಗೋಡೆಯ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿರುತ್ತೇವೆ. ಕಡಲಿಗೆ ದಿನಕ್ಕೆ ಎರಡು ಭರತ, ಅಂದರೆ ಉಬ್ಬರ. ಹಗಲಿನ ಭರತ ಮನೆಯೊಳಗೆ ಬರುತ್ತದೆ. ರಾತ್ರಿಯದು ದಂಡೆಯಲ್ಲೇ ನಿಂತು ಹಿಂದಿರುಗುತ್ತದೆ. ಮಲಗಿದವರನ್ನು ಎಬ್ಬಿಸಬಾರದೆಂಬ ತಿಳಿವಳಿಕೆ ಅದಕ್ಕಿದೆ ಎಂದು ನನ್ನ ತಾಯಿ ಹೇಳುತ್ತಿದ್ದಳು.

ಕಡಲು ಎಲ್ಲ ಮನೆಗೂ ಬರುವುದಿಲ್ಲ. ಯಾವ ಮನೆಯವರು ದೋಣಿ ಹತ್ತುತ್ತಾರೋ ಆ ಮನೆಗೆ ಮಾತ್ರ ಬರುತ್ತದೆ. ಹುಣ್ಣಿಮೆಗೂ ಅಮಾವಾಸ್ಯೆಗೂ ಹಿಂದಿನ ಗೋಡೆ ಮುಟ್ಟಿ ಮೊಣಕಾಲೆತ್ತರ ನಿಲ್ಲುತ್ತದೆ. ಅರ್ಧಚಂದ್ರನ ದಿನ ಅದಕ್ಕೆ ಶಕ್ತಿ ಸಾಲದು. ಹೊಸ್ತಿಲು ದಾಟಿ ಮೂರು ಗೇಣು ಬಂದು, ನೆಲವನ್ನು ನೆಕ್ಕಿ ಹೋಗುತ್ತದೆ. ದೋಣಿ ಹತ್ತಿದ ಮನುಷ್ಯ ಸತ್ತ ದಿನ ಕಡಲು ಆ ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಆಮೇಲೆ ಆ ಮನೆಯವರು ಮಂಚದ ಕಾಲು ಕೊಯ್ಯುತ್ತಾರೆ, ಏಣಿಯನ್ನು ಒಲೆಗೆ ಹಾಕುತ್ತಾರೆ. ತಗ್ಗು ಮಂಚದ ಮನೆ ಎಂದರೆ ಏನೆಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಟ್ಟಳೆ ಇದೆ. ಕಡಲು ಒಳಗೆ ಬರುವುದನ್ನು ಮನೆಯವರು ನೋಡಬಾರದು. ಹೊತ್ತಾದಾಗ ದಂಡೆಯಲ್ಲಿ ಲಾರಿಚಕ್ರದ ಹಳೆಯ ಕಬ್ಬಿಣದ ಬಳೆಯೊಂದನ್ನು ಬಡಿಯುತ್ತಾರೆ. ಒದ್ದೆ ಮನೆಯವರೆಲ್ಲ ಬಾಗಿಲು ತೆರೆದಿಟ್ಟು ದಿಬ್ಬ ಹತ್ತುತ್ತೇವೆ. ಮೀನು ಹೊಗೆ ಹಾಕುವ ಮಣ್ಣಿನ ಒಲೆಗಳು ಇರುವುದು ಅಲ್ಲೇ. ಮತ್ತೆ ಬಳೆಯ ಸದ್ದು ಕೇಳಿದಾಗ ಇಳಿದು ಬಂದು, ಮರಳು ಗುಡಿಸುತ್ತೇವೆ. ತಗ್ಗು ಮಂಚದ ಮನೆಯ ಹೆಂಗಸರು ಮಾತ್ರ ಆ ಹೊತ್ತಿನಲ್ಲೂ ಕೆಳಗೇ ಇರುತ್ತಾರೆ. ಅವರು ಯಾರಿಗೂ ದಾರಿ ಬಿಡಬೇಕಾಗಿಲ್ಲವಲ್ಲ.

ನಾನು ಮೂವತ್ತೊಂದು ವರ್ಷ ಇಲ್ಲಿಯ ಶಾಲೆಯಲ್ಲಿ ಕಲಿಸಿದವಳು. ಮದುವೆಯಾಗಲಿಲ್ಲ. ನನ್ನ ತಮ್ಮ ಕೊಬಿನಾನ ಹೆಂಡತಿ ತೀರಿಕೊಂಡ ಮೇಲೆ ಅವನೂ ನಾನೂ ಒಂದೇ ಮನೆಯಲ್ಲಿ ಇದ್ದೆವು. ಅವನು ಹನ್ನೆರಡನೆಯ ವಯಸ್ಸಿಗೆ ಬಲೆ ಎಳೆಯಲು ಹೋದದ್ದರಿಂದ ನಾನು ಕಾಲೇಜಿಗೆ ಹೋದೆ. ಹಾಸ್ಟೆಲಿಗೆ ತಿಂಗಳಿಗೊಮ್ಮೆ ಹೊಗೆ ಹಾಕಿದ ಬೂತಾಯಿ ಮೀನಿನ ಡಬ್ಬ ಕಳಿಸುತ್ತಿದ್ದ. ಕೋಣೆಯ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಲೇ ಎರಡು ದಿನದಲ್ಲಿ ಖಾಲಿ ಮಾಡುತ್ತಿದ್ದರು. ಜಗಳ ಬಂದಾಗಲೆಲ್ಲ ಅವನು ಅಂಗೈ ಚಾಚಿ ಜಡ್ಡುಗಟ್ಟಿದ ಚರ್ಮ ತೋರಿಸುತ್ತಿದ್ದ. "ನೋಡಕ್ಕ, ನೀನು ಬಿ.ಎ. ಓದಿದ್ದು ಇದರ ಮೇಲೆ," ಎನ್ನುತ್ತಿದ್ದ. ಅರವತ್ತಾರಾಯಿತು, ಇನ್ನು ಸಾಕು ಎಂದರೆ, "ಬಲೆ ಬಿಟ್ರೆ ನಿನ್ ಪುಸ್ತಕ ಓದ್ಬೇಕಾಗುತ್ತೆ. ಅದಕ್ಕಿಂತ ಕಡಲೇ ವಾಸಿ," ಎಂದು ನಗುತ್ತಿದ್ದ.

ಅವನ ದೋಣಿಯಲ್ಲಿ ನಾಲ್ವರು. ಉಳಿದ ಮೂವರ ಹೆಂಡಿರು ನಮ್ಮ ಬೀದಿಯವರೇ, ಮೂವರೂ ನನ್ನನ್ನು ಟೀಚರಕ್ಕ ಎಂದೇ ಕರೆಯುವವರು. ಅರಾಬಾ ದಪ್ಪನೆಯ ಹೆಂಗಸು. ಅವಳ ದನಿ ದಿಬ್ಬದಿಂದ ದಂಡೆಗೆ ಕೇಳುತ್ತದೆ. ಯಾಬಾ ಮಾತು ಕಡಿಮೆಯವಳು. ಇಬ್ಬರೂ ನನ್ನ ಬಳಿ ಅಕ್ಷರ ಕಲಿತವರು. ಮೂರನೆಯವಳು ಮನ್ಸಾ, ಇನ್ನೂ ಇಪ್ಪತ್ತೆರಡು. ಒಳನಾಡಿನ ಜೋಳದ ಸೀಮೆಯಿಂದ ಹೋದ ವರ್ಷವಷ್ಟೇ ಮದುವೆಯಾಗಿ ಬಂದಿದ್ದಳು. ಮೊದಲ ದಿನ ದಿಬ್ಬ ಇಳಿದು ಬಂದು, ಮನೆಯೊಳಗೆ ಉಳಿದಿದ್ದ ನೀರು ನೋಡಿ ಚೀರಿ ಮಂಚ ಹತ್ತಿದವಳು ಸಂಜೆಯವರೆಗೆ ಇಳಿಯಲಿಲ್ಲವೆಂದು ಅರಾಬಾ ಊರಿಗೆಲ್ಲ ಹೇಳಿ ನಗಿಸಿದ್ದಳು.

ದೋಣಿ ಹೊರಟದ್ದು ಅಮಾವಾಸ್ಯೆಯ ಮಧ್ಯಾಹ್ನ. ಕೊಬಿನಾ ಮೋಟಾರಿನ ಹಗ್ಗವನ್ನು ನಾಲ್ಕು ಸಲ ಎಳೆದರೂ ಅದು ಹತ್ತಲಿಲ್ಲ.

"ಏನ್ ಮಾವ, ಅದನ್ನೂ ಮುದ್ದು ಮಾಡಿ ಎಬ್ಬಿಸ್ಬೇಕಾ?" ಎಂದು ಅರಾಬಾ ದಂಡೆಯಿಂದ ಕೂಗಿದಳು.

"ನಿನ್ ಗಂಡನ್ನ ಎಬ್ಬಿಸಿ ಕರ್ಕೊಂಡ್ ಬಂದೀನಲ್ಲ, ಇದೇನ್ ಮಹಾ!" ಎಂದ ಕೊಬಿನಾ. ಎಲ್ಲರೂ ನಕ್ಕರು. ಐದನೆಯ ಎಳೆತಕ್ಕೆ ಮೋಟಾರು ಹತ್ತಿತು. ನಾನು ಕಟ್ಟಿಕೊಟ್ಟಿದ್ದ ಹುಳಿಹಿಟ್ಟಿನ ಕಡುಬಿನ ಗಂಟನ್ನು ಅವನು ಮೇಲೆತ್ತಿ ತೋರಿಸಿ, ತಲೆಯ ಮೇಲಿಟ್ಟುಕೊಂಡು ಕುಣಿದ. ನಾನು ನೋಡಿದ್ದು ಅಷ್ಟು.

ಎರಡು ದಿನಕ್ಕೆ ಬರಬೇಕಾದ ದೋಣಿ ಬರಲಿಲ್ಲ. ನಾಲ್ಕನೆಯ ದಿನ ದಿಬ್ಬದಿಂದ ಇಳಿದು ಬಂದಾಗ ಅರಾಬಾಳ ಮನೆಯಿಂದ ಸದ್ದೇ ಇರಲಿಲ್ಲ. ಆ ಮನೆಯಲ್ಲಿ ಸದ್ದಿಲ್ಲವೆಂದರೆ ಏನೋ ಆಗಿದೆ ಎಂದೇ ಅರ್ಥ. ಹೋಗಿ ನೋಡಿದರೆ ಅವಳು ಹೊಸ್ತಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಒಣ ನೆಲವನ್ನು ಅಂಗೈಯಿಂದ ಸವರುತ್ತಿದ್ದಳು. ಯಾಬಾಳ ಮನೆಯೂ ಒಣಗಿತ್ತು. ಮನ್ಸಾಳ ಮನೆಯೂ ಒಣಗಿತ್ತು. ನಾನು ಓಡಿದೆ. ಎಪ್ಪತ್ತರ ಹತ್ತಿರದ ಕಾಲುಗಳು ಅಷ್ಟು ಓಡಬಲ್ಲವೆಂದು ನನಗೆ ಗೊತ್ತಿರಲಿಲ್ಲ. ನನ್ನ ಮನೆಯೊಳಗೆ ಮರಳು ಒದ್ದೆಯಾಗಿತ್ತು, ಏಣಿಯ ಕೆಳಗಿನ ಮೆಟ್ಟಿಲಿಗೆ ಒಂದು ಚೂರು ಪಾಚಿ ಅಂಟಿಕೊಂಡಿತ್ತು.

ನಾನು ಆ ಪಾಚಿಯನ್ನು ಬಾಯಿಗೆ ಹಾಕಿಕೊಂಡೆ. ಯಾಕೆಂದು ಕೇಳಬೇಡಿ.

ಸಾವಿನ ಮನೆಗೆ ನಮ್ಮಲ್ಲಿ ಏಳು ದಿನದ ಸೂತಕ. ಆ ಏಳು ದಿನ ಒಂದು ದೋಣಿಯೂ ನೀರಿಗಿಳಿಯುವುದಿಲ್ಲ, ಎಲ್ಲವನ್ನೂ ಮರಳಿನ ಮೇಲೆ ಮಗುಚಿ ಹಾಕುತ್ತಾರೆ. ಒಂದೇ ಒಂದು ಕಾರಣಕ್ಕೆ ಅದನ್ನು ಮುರಿಯಬಹುದು. ಕಾಣೆಯಾದವನ ಮನೆ ಇನ್ನೂ ಒದ್ದೆಯಾಗಿದ್ದರೆ, ಆ ಮನೆಯ ಹೆಂಗಸು ತನ್ನ ನೆಲದ ಹಸಿ ಮರಳನ್ನು ತಂದು ದಂಡೆಯ ಹಿರಿಯರ ಕೈಯಲ್ಲಿ ಇಟ್ಟು ಕೇಳಬೇಕು. ಆಗ ಸೂತಕದಲ್ಲೂ ದೋಣಿಗಳು ಹುಡುಕಲು ಹೋಗುತ್ತವೆ. ಅವಳೇ ಕೇಳಬೇಕು. ಅವಳ ಪರವಾಗಿ ಇನ್ನೊಬ್ಬರು ಕೇಳುವಂತಿಲ್ಲ.

ಐದನೆಯ ದಿನ ನಾನು ಉಟ್ಟ ಬಟ್ಟೆಯ ಅಂಚಿನಲ್ಲಿ ಒಂದು ಹಿಡಿ ಹಸಿ ಮರಳು ಗಂಟು ಹಾಕಿಕೊಂಡು ಹೊರಟೆ. ಹಿರಿಯರ ಮನೆಗೆ ಹೋಗಬೇಕಾದರೆ ಮನ್ಸಾಳ ಅಂಗಳ ದಾಟಬೇಕು. ಅಲ್ಲಿ ಮೂವರೂ ತಲೆ ಬೋಳಿಸಿಕೊಂಡು ಚಾಪೆಯ ಮೇಲೆ ಕುಳಿತಿದ್ದರು. ಮನ್ಸಾಳ ಬೋಳು ತಲೆ ಮಗುವಿನ ತಲೆಯಂತೆ ಕಾಣುತ್ತಿತ್ತು, ಅದರ ಮೇಲೆ ಯಾಬಾ ಒದ್ದೆ ಬಟ್ಟೆ ಹಾಕಿದ್ದಳು, ಬಿಸಿಲು ತಾಗಬಾರದೆಂದು. ನನ್ನ ಕಾಲು ನಿಂತಿತು. ಇವರ ಗಂಡಂದಿರಿಗಾಗಿ ಮಗುಚಿದ ದೋಣಿಗಳನ್ನು ನನ್ನ ತಮ್ಮನಿಗಾಗಿ ಎತ್ತಿಸಲೇ? ನನ್ನ ಮನೆ ಒದ್ದೆಯಾಗಿದೆ ಎಂದು ಇವರ ಮುಂದೆ ಸಾರಿಕೊಂಡು ಹೋಗಲೇ? ಗಂಟನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡೆ.

"ಗಂಜಿ ಕುಡಿದ್ರಾ ಮಕ್ಕಳೇ?" ಎಂದು ಕೇಳಿದೆ.

"ಕುಡಿದ್ವಿ ಟೀಚರಕ್ಕ," ಎಂದಳು ಅರಾಬಾ.

ನಾನು ಮನೆಗೆ ಹಿಂದಿರುಗಿದೆ. ಏಳು ದಿನ ತಾನೇ, ಎಂದುಕೊಂಡೆ. ಕೊಬಿನಾ ಗಟ್ಟಿಗ, ಯಾವುದೋ ದಂಡೆಗೆ ಸೇರಿರುತ್ತಾನೆ, ಅವನೇ ಬಂದರೂ ಬಂದಾನು, ಎಂದುಕೊಂಡೆ. ಸೂತಕ ಏಳೇ ದಿನವಾದರೂ ಗಂಡನನ್ನು ಕಳೆದುಕೊಂಡವರು ನಲವತ್ತು ದಿನ ಬೆಂಕಿ ಮುಟ್ಟಬಾರದು. ಅವರ ಒಲೆಗಳ ಮೇಲಿದ್ದ ಮೀನಿಗೆ ಹೊಗೆ ತಪ್ಪಿದರೆ ಹುಳ ಬೀಳುತ್ತದೆ. ಹಾಗಾಗಿ ಭರತದ ಹೊತ್ತಿಗೆ ದಿಬ್ಬ ಹತ್ತಿದಾಗಲೆಲ್ಲ ಆ ಮೂರು ಒಲೆಗಳನ್ನೂ ನಾನೇ ನೋಡಿಕೊಂಡೆ. ಮೀನು ಮಗುಚುತ್ತ, ತೆಂಗಿನ ಸಿಪ್ಪೆ ತುರುಕುತ್ತ, ಕಣ್ಣುರಿಸಿಕೊಂಡು ನಿಂತಾಗ ನಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಇಳಿದು ಬಂದಾಗ ನೆಲ ಒದ್ದೆ ಇರುತ್ತಿತ್ತು. ಎಂಟನೆಯ ದಿನ ಅರ್ಧಚಂದ್ರ. ಅಂದು ಹೊಸ್ತಿಲಿನಿಂದ ಸರಿಯಾಗಿ ಮೂರು ಗೇಣು ನೆನೆದಿತ್ತು. ಅಷ್ಟಕ್ಕೇ ನನಗೆ ಜೀವ ಬಂದಂತಾಗಿತ್ತು. ಆ ವಾರ ಎರಡು ಸಲ ಮಳೆ ಬಿತ್ತು. ನೀರಿನಲ್ಲಿದ್ದವನಿಗೆ ಕುಡಿಯಲು ಸಿಕ್ಕಿತು ಎಂದು ಸಂತೋಷಪಟ್ಟೆ. ದಂಡೆಯಲ್ಲಿ ಮಗುಚಿದ ದೋಣಿಗಳ ಬೆನ್ನಿನ ಮೇಲೂ ಅದೇ ಮಳೆ ಬೀಳುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಹನ್ನೊಂದನೆಯ ದಿನ, ಸೂತಕ ಕಳೆದ ಮರುಬೆಳಿಗ್ಗೆ, ಹಿಂದಿನ ದಿನ ತೆಗೆದಿಟ್ಟ ಹಸಿ ಮರಳನ್ನು ಹಿರಿಯರ ಕೈಯಲ್ಲಿಟ್ಟೆ. ಊರೆಲ್ಲ ನಾನಾ ಎಂದು ಕರೆಯುವ ಮುದುಕರು ಅವರು, ಒಂದು ಕಣ್ಣು ಪೂರ್ತಿ ಬಿಳಿಚಿದೆ. ಮರಳನ್ನು ಬೆರಳುಗಳ ನಡುವೆ ಉಜ್ಜಿದರು, ಮೂಸಿದರು, ಇನ್ನೊಮ್ಮೆ ಉಜ್ಜಿದರು.

"ಐದು ದೋಣಿ ಕಳಿಸ್ತೀನಮ್ಮ," ಎಂದರು ಕೊನೆಗೆ. "ಹೋಗಿ ಊಟ ಮಾಡು. ಒಣಗಿಹೋಗಿದ್ದೀಯ."

ಐದು ದೋಣಿಗಳು ಮೂರು ದಿನ ಹುಡುಕಿ ಬರಿಗೈಯಲ್ಲಿ ಬಂದವು. ಆದರೂ ನನ್ನ ನೆಲ ಒದ್ದೆ. ಹುಣ್ಣಿಮೆಯ ದಿನ ಎಷ್ಟು ನೀರು! ಮರಳೆಲ್ಲ ಕೆಸರಾಗಿತ್ತು. ನಾನು ಹಾಡಿಕೊಂಡು ಗುಡಿಸಿದೆ, ಆಮೇಲೆ ಪಕ್ಕದ ಮನೆಗಳು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ದೋಣಿ ಹೋಗಿ ಇಪ್ಪತ್ತೆರಡನೆಯ ದಿನ ಮತ್ತೆ ಅರ್ಧಚಂದ್ರ ಬಂತು. ದಿಬ್ಬ ಇಳಿದು ಬಂದು ಪೊರಕೆ ತೆಗೆದುಕೊಂಡೆ. ಹೊಸ್ತಿಲಿನಿಂದ ಗುಡಿಸಲು ಶುರು ಮಾಡಿ, ಮೂರು ಗೇಣು ದಾಟಿ, ಮಂಚ ದಾಟಿ, ಹಿಂದಿನ ಗೋಡೆಯವರೆಗೂ ಗುಡಿಸುತ್ತ ಹೋದೆ. ಗೋಡೆಯ ಬುಡದಲ್ಲಿ ನೀರು ಕೊಳವಾಗಿ ನಿಂತಿತ್ತು. ಪೊರಕೆ ಹಿಡಿದು ನಾನೂ ನಿಂತೆ.

ಅರ್ಧಚಂದ್ರನ ದಿನ ಕಡಲಿಗೆ ಇಷ್ಟು ಶಕ್ತಿ ಇಲ್ಲ. ನನ್ನ ಅಜ್ಜಿಯ ಕಾಲದಲ್ಲೂ ಇರಲಿಲ್ಲ. ಬಗ್ಗಿ ನೋಡಿದೆ. ಒಂದು ಚಿಪ್ಪಿಲ್ಲ, ಒಂದು ಎಳೆ ಪಾಚಿಯಿಲ್ಲ. ಎಷ್ಟು ದಿನದಿಂದ ಇರಲಿಲ್ಲವೋ. ಒದ್ದೆಯೊಂದನ್ನೇ ನೋಡುತ್ತಿದ್ದವಳಿಗೆ ಉಳಿದದ್ದು ಕಂಡಿರಲಿಲ್ಲ. ಗೋಡೆಯ ಹತ್ತಿರ ಮರಳಿನಲ್ಲಿ ಒಂದು ದುಂಡನೆಯ ಗುರುತಿತ್ತು. ಕೊಡ ಇಟ್ಟ ಗುರುತು.

ಮರುದಿನ ಬಳೆ ಬಡಿದಾಗ ನಾನು ದಿಬ್ಬ ಹತ್ತಲಿಲ್ಲ. ಬೀದಿ ಖಾಲಿಯಾಗುವವರೆಗೆ ಬಾಗಿಲ ಹಿಂದೆ ನಿಂತಿದ್ದು, ಆಮೇಲೆ ಮಂಚದ ಏಣಿಯ ಮೇಲೆ ಕುಳಿತೆ. ಎಪ್ಪತ್ತು ವರ್ಷದ ಹತ್ತಿರ ಬದುಕಿದ್ದರೂ ನಾನು ಅದನ್ನು ನೋಡಿರಲಿಲ್ಲ. ಬೆಳಗಿನ ಹತ್ತರ ಬಿಸಿಲಿನಲ್ಲಿ ಕಡಲು ಬೀದಿಯೊಳಗೆ ಬಂತು. ಸದ್ದಿಲ್ಲ. ತೆಳ್ಳಗೆ, ಹಾಲು ಚೆಲ್ಲಿದ ಹಾಗೆ. ಎದುರಿನ ಮನೆಯ ಹೊಸ್ತಿಲನ್ನು ದಾಟಿತು. ನನ್ನ ಹೊಸ್ತಿಲಿನವರೆಗೆ ಬಂತು. ಅಲ್ಲಿ ಒಂದು ನೊರೆಯ ಗೆರೆ ಎಳೆದು ನಿಂತಿತು. ಬಾ ಎಂದೆ. ಬಾಯಿಬಿಟ್ಟೇ ಅಂದೆ. ಅದು ಸ್ವಲ್ಪ ಹೊತ್ತು ನಿಂತಿದ್ದು, ತಿರುಗಿ ಹೋಯಿತು.

ನಾನು ಏಣಿಯ ಮೇಲೇ ಕುಳಿತಿದ್ದೆ. ಹೊರಗೆ ಹೆಜ್ಜೆಯ ಸದ್ದಾಯಿತು. ಅರಾಬಾ ಸೊಂಟದ ಮೇಲೆ ಕೊಡ ಇಟ್ಟುಕೊಂಡು, ಬಟ್ಟೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಒಳಗೆ ಬಂದಳು. ಎರಡು ಹೆಜ್ಜೆ ಇಟ್ಟ ಮೇಲೆ ನನ್ನನ್ನು ಕಂಡಳು. ಕೊಡ ತುಳುಕಿ ಅವಳ ಪಾದ ನೆನೆಯಿತು.

"ಅಯ್ಯೋ ಟೀಚರಕ್ಕ," ಎಂದಳು. "ಹೊತ್ತಲ್ಲದ ಹೊತ್ತಲ್ಲಿ ಮನೇಲಿ ಕೂತ್ಕೋತಾರಾ?"

"ಕೆಳಗಿಡು ಅರಾಬಾ. ಭಾರ ಇದೆ."

ಅವಳು ಇಡಲಿಲ್ಲ. ಇಟ್ಟರೆ ಎಲ್ಲ ಮುಗಿದುಹೋಗುತ್ತದೆ ಎಂಬ ಹಾಗೆ ಹಿಡಿದುಕೊಂಡೇ ನಿಂತಳು.

"ನಿನ್ನೆ ಯಾರ ಸರದಿ?" ಎಂದು ಕೇಳಿದೆ.

"ಮನ್ಸಾ ಬಂದಿದ್ಲು. ಯಾಕೆ?"

"ಅರ್ಧಚಂದ್ರ. ಹಿಂದಿನ ಗೋಡೆವರೆಗೆ ನೀರಿತ್ತು."

ಅರಾಬಾ ಕಣ್ಣು ಮುಚ್ಚಿಕೊಂಡಳು. "ಜೋಳದ ಸೀಮೆಯ ಹೆಣ್ಣು. ಅಳತೆ ಏನ್ ಗೊತ್ತು ಅದಕ್ಕೆ! ಬಂದು ಹೇಳಿದ್ಲು, ಅಕ್ಕ, ಇವತ್ತು ಎರಡು ಕೊಡ ಹಾಕ್ದೆ, ಟೀಚರಕ್ಕಂಗೆ ಖುಷಿಯಾಗ್ಲಿ ಅಂತ. ಆಗ್ಲೇ ಅಂದ್ಕೊಂಡೆ, ಕೆಟ್ಟಿತು ಅಂತ."

"ಅವಳಿಗೆ ಹೇಳ್ಬೇಡ."

"ಏನ್ನ?"

"ಅವಳ ಎರಡು ಕೊಡದಿಂದ ನನಗೆ ಗೊತ್ತಾಯ್ತು ಅಂತ. ನಾನೇ ಕಟ್ಟಳೆ ಮೀರಿ ಕೂತು ನೋಡಿದೆ ಅಂತ ಹೇಳು. ಅಷ್ಟೇ."

ಅವಳು ತಲೆಯಾಡಿಸಿ ಕೊಡ ಇಳಿಸಿದಳು. ಏಣಿಯ ಬುಡದಲ್ಲಿ, ನನ್ನ ಕಾಲಿನ ಹತ್ತಿರ, ಒಣ ನೆಲದ ಮೇಲೆ ಕುಳಿತಳು. ನಾನು ಕೇಳಬಾರದ ಪ್ರಶ್ನೆ ಒಂದೇ ಉಳಿದಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಅಭ್ಯಾಸವಾದವಳು, ಕೇಳಿಬಿಟ್ಟೆ.

"ಯಾವತ್ತಿಂದ ಹಾಕ್ತಿದ್ದೀರಿ? ನಾಲ್ಕನೆ ದಿನದಿಂದಲೇನಾ? ನಿಮ್ಮ ಮನೆಗಳ ಜೊತೆಗೇನಾ?"

ಅವಳು ಕೊಡದ ಬಾಯಿಯನ್ನು ಬೆರಳಿನಿಂದ ಸವರಿದಳು.

"ಅರಾಬಾ, ಹೌದು ಅನ್ನು."

"ಹೌದು," ಎಂದಳು. ಆದರೆ ಅವಳು ನನ್ನ ವಿದ್ಯಾರ್ಥಿನಿ. ಸುಳ್ಳು ಹೇಳುವಾಗ ಕಿವಿಯ ಓಲೆ ಹಿಡಿದುಕೊಳ್ಳುವ ಚಾಳಿ ಏಳನೆಯ ವಯಸ್ಸಿನಿಂದಲೂ ಇದೆ. ಈಗ ಕಿವಿಯಲ್ಲಿ ಓಲೆಯಿರಲಿಲ್ಲ, ಬರಿಯ ಕಿವಿಯನ್ನು ಹಿಡಿದುಕೊಂಡಿದ್ದಳು.

"ಯಾವತ್ತಿಂದ?"

"ಹತ್ತನೇ ದಿನದಿಂದ," ಎಂದಳು. "ಸೂತಕದ ಕೊನೇ ದಿನ. ನೀವು ದಿಬ್ಬದ ಮೇಲೆ ನಮ್ ಮೀನು ಮಗುಚ್ತಾ ಇದ್ರಿ. ಯಾಬಾ ಈ ದಾರೀಲಿ ಬಂದವಳು ನಿಮ್ಮ ಹೊಸ್ತಿಲಲ್ಲಿ ಕಡಲು ನಿಂತದ್ದು ನೋಡಿದ್ಲು. ಓಡ್ಬಂದು ನನ್ ಕೈಗೆ ಕೊಡ ಕೊಟ್ಲು."

ಒಂಬತ್ತು ದಿನ. ಕಡಲು ಸುಳ್ಳು ಹೇಳುವುದಿಲ್ಲ. ಒಂಬತ್ತು ದಿನ ಕೊಬಿನಾ ನೀರಿನ ಮೇಲೆ ಎಲ್ಲೋ ಇದ್ದ. ಮೂವರು ಹೋದ ಮೇಲೆ ಒಬ್ಬನೇ ಇದ್ದ. ಮಳೆ ಬಂದಾಗ ಬಾಯಿ ತೆರೆದು ಮಲಗಿದ್ದಿರಬೇಕು. ಹಗಲಾದಾಗ ದಿಕ್ಕು ನೋಡಿ, ದೋಣಿ ಬರುತ್ತದೆ, ಅಕ್ಕ ಮರಳು ಹಿಡಿದು ಹೋಗಿರುತ್ತಾಳೆ ಎಂದುಕೊಂಡಿರಬೇಕು. ಅವನಿಗೆ ಕಟ್ಟಳೆ ಗೊತ್ತು. ನಮ್ಮ ಮನೆ ಒದ್ದೆಯಾಗಿಯೇ ಇರುತ್ತದೆ ಎಂದು ಗೊತ್ತು. ನಾನು ಕೇಳದೇ ಇರುತ್ತೇನೆ ಎಂದು ಮಾತ್ರ ಗೊತ್ತಿರಲಿಲ್ಲ.

"ಐದನೆ ದಿನ ಮರಳು ತಗೊಂಡು ಹೊರಟಿದ್ದೆ," ಎಂದೆ. "ನಿಮ್ಮನ್ನ ನೋಡಿ ವಾಪಸ್ ಬಂದೆ."

"ಗೊತ್ತು."

"ಏನು ಗೊತ್ತು?"

"ನಿಮ್ ಬಟ್ಟೆ ಗಂಟಿಂದ ನೀರು ತೊಟ್ಟಿಕ್ತಿತ್ತು ಟೀಚರಕ್ಕ. ಚಾಪೆ ಮೇಲೇ ಬಿತ್ತು. ಮೂವರೂ ನೋಡಿದ್ವಿ." ಅವಳು ಈಗ ಅಳುತ್ತಿದ್ದಳು, ಮಾತು ಮಾತ್ರ ನಿಲ್ಲಲಿಲ್ಲ. "ಕೇಳ್ತೀರಿ, ಕೇಳ್ತೀರಿ ಅಂತ ಕಾದೆ. ನೀವು ಗಂಜಿ ಕುಡಿದ್ರಾ ಅಂದ್ರಿ. ಆಗ ನಾನು ಒಂದ್ ಮಾತು ಹೇಳ್ಬಹುದಿತ್ತು. ಹೋಗಿ ಅಕ್ಕ, ನಮ್ ಸೂತಕ ನೋಡ್ಬೇಡಿ, ಮಾವನ್ನ ಹುಡುಕ್ಸಿ ಅಂತ. ಬಾಯಿಗೆ ಬರ್ಲಿಲ್ಲ. ಇವರ ಮನೆ ಮಾತ್ರ ಯಾಕೆ ಒದ್ದೆ ಅಂತ ಹೊಟ್ಟೇಲಿ ಕಿಚ್ಚಿತ್ತು ನಂಗೆ. ಒಂದೇ ದಿನ ಇತ್ತು ಆ ಕಿಚ್ಚು. ಆಮೇಲೆ ಹೇಳೋಣ ಅಂದ್ರೆ ನೀವು ನಮ್ ಒಲೆ ಮುಂದೆ ಕಣ್ಣೀರು ಸುರಿಸ್ಕೊಂಡು ನಿಂತಿದ್ರಿ. ಯಾವ ಮುಖದಲ್ಲಿ ಹೇಳ್ಲಿ?"

"ಹೊಗೆಗೆ ಬಂದ ಕಣ್ಣೀರು ಅದು," ಎಂದೆ.

"ನಮ್ ಹಿರಿಯರು ನಾನಾಗೂ ಗೊತ್ತು. ಮರಳು ಮೂಸಿದ ಕೂಡ್ಲೇ ಗೊತ್ತಾಯ್ತಂತೆ. ಆದ್ರೂ ದೋಣಿ ಕಳಿಸಿದ್ರು."

ಸತ್ತವನನ್ನು ಹುಡುಕಲು ಐದು ದೋಣಿ ಹೋಗಿದ್ದವು. ಬದುಕಿದ್ದವನನ್ನು ಹುಡುಕಲು ಒಂದೂ ಹೋಗಿರಲಿಲ್ಲ. ಇದರಲ್ಲಿ ಯಾರೂ ಕೆಟ್ಟವರಿಲ್ಲ. ನಾನು ಎಷ್ಟು ಸಲ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆದು ನೋಡಿದರೂ ಕೆಟ್ಟವರು ಒಬ್ಬರೂ ಸಿಗುವುದಿಲ್ಲ. ಸಿಕ್ಕಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ನಾನು ಅರಾಬಾಳ ಬೋಳು ತಲೆಯ ಮೇಲೆ ಕೈ ಇಟ್ಟೆ. ಕೂದಲು ಮುಳ್ಳುಮುಳ್ಳಾಗಿ ಮೊಳೆಯುತ್ತಿತ್ತು.

ಜನ ದಿಬ್ಬ ಇಳಿದು ಬರುವ ಸದ್ದು ಕೇಳಿದಾಗ ಅವಳು ಕೊಡದ ಕಡೆ ನೋಡಿದಳು. "ಇದನ್ನೇನ್ ಮಾಡ್ಲಿ?"

"ಗಿಡಕ್ಕೆ ಹಾಕೋಕಾಗಲ್ಲ, ಉಪ್ಪು," ಎಂದೆ. "ತಗೊಂಡು ಹೋಗಿ ಕಡಲಿಗೇ ಹಾಕು. ಬರ್ತಾ ಗರಗಸ ತಾ."

ಅವಳು ಗರಗಸದ ಜೊತೆಗೆ ಯಾಬಾಳನ್ನೂ ಮನ್ಸಾಳನ್ನೂ ಕರೆತಂದಳು. ಯಾಬಾ ಮಂಚವನ್ನು ಓರೆ ಮಾಡಿ ಕಾಲನ್ನು ಗಟ್ಟಿಯಾಗಿ ಹಿಡಿದಳು. ಅರಾಬಾ ಕೊಯ್ದಳು. ಮೊದಲ ಕಾಲಿಗೆ ಬಹಳ ಹೊತ್ತು ಹಿಡಿಯಿತು. ನಮ್ಮ ಅಪ್ಪ ಮಾಡಿಸಿದ ಮಂಚ, ಮರ ಉಪ್ಪು ಕುಡಿದು ಕಬ್ಬಿಣವಾಗಿತ್ತು. ಮನ್ಸಾ ಏನೂ ತಿಳಿಯದೆ ಮೂಲೆಯಲ್ಲಿ ನಿಂತು, ನಾನು ಬೀಳಬಹುದೆಂದು ನನ್ನ ಮೊಣಕೈಯನ್ನು ಹಿಡಿದುಕೊಂಡಿದ್ದಳು. "ನೀವ್ಯಾಕೆ ನೋಡಿದ್ರಿ ಟೀಚರಕ್ಕ? ನೋಡ್ಬಾರ್ದಿತ್ತು," ಎಂದು ಪಿಸುಗುಟ್ಟಿದಳು. "ಹೌದು ಮಗಳೇ, ನನ್ನದೇ ತಪ್ಪು," ಎಂದೆ. ಎರಡನೆಯ ಕಾಲು ಕೊಯ್ದಾಗ ಮಂಚ ವಾಲಿತು. ತೊಲೆಯಿಂದ ನೇತುಹಾಕಿದ್ದ ಕೊಬಿನಾನ ಹಳೆಯ ಟೋಪಿಯನ್ನು ಯಾಬಾ ಇಳಿಸಿ, ಧೂಳು ಕೊಡವಿ, ನನ್ನ ತೊಡೆಯ ಮೇಲಿಟ್ಟಳು.

ಏಣಿಯನ್ನೂ ಕಾಲಿನ ತುಂಡುಗಳನ್ನೂ ದಿಬ್ಬಕ್ಕೆ ಹೊತ್ತುಕೊಂಡು ಹೋದರು. ಅವು ಯಾರ ಒಲೆಗೆ ಬಿದ್ದವೆಂದು ನಾನು ಕೇಳಲಿಲ್ಲ. ಇನ್ನು ಏಳು ದಿನ ದೋಣಿಗಳು ಮರಳಿನ ಮೇಲೆ ಮಗುಚಿ ಬಿದ್ದಿರುತ್ತವೆ, ನನ್ನ ತಮ್ಮನಿಗಾಗಿ. ಅಷ್ಟು ದಿನ ಇನ್ಯಾರದೋ ಮನೆಯವನು ಕಡಲಿನಲ್ಲೇ ಉಳಿದಿದ್ದು, ಅವರು ನನ್ನ ಮುಖ ನೋಡಿ ಹುಡುಕಿಸಲು ಕೇಳದೆ ಸುಮ್ಮನಾಗಿಬಿಟ್ಟರೆ ಎಂದು ಹೆದರಿ, ನಾನೇ ಹೊರಗೆ ಬಂದು ಬೀದಿಯ ಒಂದೊಂದು ಬಾಗಿಲಿಗೂ ಹೋಗಿ ಕೇಳಿದೆ. ಯಾರ ದೋಣಿಯೂ ಹೊರಗಿರಲಿಲ್ಲ. ಎಲ್ಲರ ಗಂಡಸರೂ ಮನೆಯಲ್ಲೇ ಇದ್ದರು. ಒಬ್ಬಳು ನನ್ನನ್ನು ಒಳಗೆ ಕರೆದು, ಬಿಸಿ ಕಡುಬಿಗೆ ಸುತ್ತಿದ್ದ ಜೋಳದ ಸಿಪ್ಪೆ ಸುಲಿದು ತಟ್ಟೆಯಲ್ಲಿಟ್ಟಳು. ತಿಂದೆ.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಅಭ್ಯಾಸದಂತೆ ಮಂಚದ ಅಂಚಿಗೆ ಸರಿದು ಏಣಿಯ ಮೇಲಿನ ಮೆಟ್ಟಿಲಿಗಾಗಿ ಕಾಲು ಚಾಚಿದೆ. ಮೆಟ್ಟಿಲಿರಬೇಕಾದ ಜಾಗದಲ್ಲಿ ನೆಲವೇ ಇತ್ತು. ಒಣಗಿತ್ತು.